ಬಿಟ್ಟ ಉಂಗುರ ಬೆರಳು

ಫೆಬ್ರವರಿ ೧೫, ಭಾನುವಾರ. ಇರ್ವಿಂಗ್.

ಅನೂಪ್ ಇವತ್ತು ಆಸ್ಟಿನ್‌ನಿಂದ ಬಂದಿದ್ದ. ನನ್ನ ಮಗ ಅಭಿರಾಮ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಆಮೇಲೆ ಅವನ ಬ್ಯಾಂಡ್‌ನವರು ಈ ಮನೆಗೆ ಕಾಲಿಟ್ಟದ್ದು ಇವತ್ತೇ. ಕೆಲಸವಿತ್ತು, ಬಂದ.

"ಆಂಟಿ, ರೆಕಾರ್ಡಿಂಗ್ ಎಷ್ಟು ಕೇಳಿದ್ರೂ ಹೊಸ ಡ್ರಮ್ಮರ್‌ಗೆ ನಮ್ಮ ಫಸ್ಟ್ ಸಾಂಗ್ ಕೌಂಟ್ ಸಿಗ್ತಾನೇ ಇಲ್ಲ. ಅಭಿ ಹೇಗೆ ಎಣಿಸ್ತಿದ್ದ? ನೀವೇ ಹೇಳ್ಕೊಟ್ಟಿದ್ದು ಅಂತಿದ್ದ."

ಹೇಳಿಕೊಟ್ಟದ್ದಲ್ಲ, ತಪ್ಪಿದ್ದು. ನನಗಾದದ್ದು ಎರಡೇ ವರ್ಷದ ಸಂಗೀತಪಾಠ. ಅಭಿಗೆ ಬೆರಳೆಣಿಸಿ ಆದಿತಾಳ ತೋರಿಸುವಾಗ ಎರಡನೇ ಸುತ್ತಿನಲ್ಲಿ ಉಂಗುರ ಬೆರಳು ಬಿಟ್ಟುಬಿಟ್ಟೆ. ಎಂಟು ಎಣಿಕೆ ಇರಬೇಕಾದದ್ದು ಏಳಾಯಿತು. ತಿದ್ದಲು ಹೋದರೆ ನನ್ನ ಕೈ ಹಿಡಿದುಕೊಂಡು, "ಅಮ್ಮಾ, ಡೋಂಟ್ ಫಿಕ್ಸ್ ಇಟ್" ಎಂದ. ಆ ಎಂಟು, ಏಳರ ಮೇಲೆ ಇರ್ವಿಂಗ್‌ನ ನಮ್ಮ ಈ ಗ್ಯಾರೇಜಿನಲ್ಲಿ ಬ್ಯಾಂಡ್ ಶುರುವಾಯಿತು. ಅವರ ಡೆತ್ ಮೆಟಲ್ ಸಂಗೀತದ ಅಬ್ಬರಕ್ಕೆ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಹ್ಯೂಸ್ಟನ್‌ನ ಮೊದಲ ಶೋಗೆ ಬಂದವರು ಹನ್ನೊಂದು ಜನ. ಕಿವಿಗೆ ಹತ್ತಿ ಇಟ್ಟುಕೊಂಡು ನಾನೂ ಒಬ್ಬಳು.

ಅನೂಪ್ ಹೊಸ ಪೋಸ್ಟರ್ ತಂದಿದ್ದ. ಆಸ್ಟಿನ್‌ನಲ್ಲಿ ಹುಟ್ಟಿದ ಬ್ಯಾಂಡ್ ಎಂದು ಅದರಲ್ಲಿದೆ. ಮೂರು ಮುಖಗಳಿವೆ. ಅಭಿಯ ಹೆಸರೂ ಇಲ್ಲ.

"ನೆನಪಿಲ್ಲಪ್ಪ" ಎಂದೆ.

"ಸ್ವಲ್ಪ ಟ್ರೈ ಮಾಡಿ, ಆಂಟಿ."

"ಕಾಫಿ ಆರ್ತಿದೆ, ಕುಡಿ."

ಅವನು ಹೊರಟ ಮೇಲೆ ಗ್ಯಾರೇಜಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದೆ. ಎರಡನೇ ಸುತ್ತಿನಲ್ಲಿ ಉಂಗುರ ಬೆರಳು ತಾನಾಗಿಯೇ ಬಿಟ್ಟುಹೋಯಿತು. ಒಂದು ಸಲವೂ ತಪ್ಪಲಿಲ್ಲ.

ಊರು ತೆಗೆದುಕೊಂಡರು, ಹೆಸರು ಅಳಿಸಿದರು. ಇದನ್ನು ಕೊಡುವುದಿಲ್ಲ. ಅವರು ಎಂಟೆಂಟೇ ಬಾರಿಸಿಕೊಳ್ಳಲಿ.