ಮೊಂಡಿಗೆ ಮದ್ದು ಹತ್ತಿತು

ಭಾನುವಾರ, ಬೆಳಗಿನ ಹಾಲು ಕರೆದಾದ ಮೇಲೆ

ನನ್ನ ಬಾಯಿಬಡುಕಿ ಮಗಳಿಗೆ,

ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ಈ ತಿಂಗಳ ಮೊದಲಲ್ಲಿ ಪಶುವೈದ್ಯೆ ಬಂದಿದ್ದಳು, ದನಗಳಿಗೆ ಕ್ಷಯ ಇದೆಯೇ ಎಂದು ನೋಡಲು. ನಿನ್ನ ವಯಸ್ಸಿನವಳೇ. ಪ್ರತಿ ದನದ ಕುತ್ತಿಗೆಯಲ್ಲಿ ಎರಡು ಕಡೆ ಕೂದಲು ಕತ್ತರಿಸಿ, ಚರ್ಮ ಮಡಿಸಿ ಅಳೆದು, ಎರಡು ಸೂಜಿ ಚುಚ್ಚಿದಳು. ಎರಡೇಕೆ ಎಂದು ಕೇಳದೆ ಇರಲು ನನ್ನಿಂದ ಆಗುತ್ತದೆಯೇ? ಮೇಲಿನದು ಹಕ್ಕಿಗಳ ಕ್ಷಯದ್ದು, ಕೆಳಗಿನದು ದನದ್ದು, ಮೂರು ದಿನ ಬಿಟ್ಟು ಬಂದು ಹೋಲಿಸಿ ನೋಡುತ್ತೇನೆ ಅಂದಳು. ಹಕ್ಕಿಗಳೂ ಕೆಮ್ಮುತ್ತವೆಯೇ ಎಂದು ಕೇಳಿದೆ. ನಕ್ಕು ಮುಂದಿನ ದನದ ಕಡೆ ಹೋದಳು.

ಆಮೇಲೆ ದಿನಾ ಕುತ್ತಿಗೆ ಸವರಿ ನೋಡುವುದೇ ನನ್ನ ಕೆಲಸ. ಮಿಕ್ಕವಕ್ಕೆ ಏನೂ ಆಗಿರಲಿಲ್ಲ. ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಮೊಂಡಿಗೆ ಮಾತ್ರ ಕೆಳಗಿನ ಸೂಜಿ ಚುಚ್ಚಿದ ಜಾಗ ನಿಂಬೆಹಣ್ಣಿನಷ್ಟು ಊದಿತ್ತು. ನನಗೆ ಹಿಗ್ಗೋ ಹಿಗ್ಗು! ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿ ನಿನ್ನ ತೋಳು ಊದಿದಾಗ ಮದ್ದು ಹತ್ತಿದೆ ಅನ್ನುತ್ತಿದ್ದರಲ್ಲ, ಇದೂ ಹಾಗೇ ಅಂದುಕೊಂಡೆ. ವೈದ್ಯೆ ಬಂದಾಗ ಬಾಗಿಲಲ್ಲೇ, ನಮ್ ಮೊಂಡಿಗೆ ಎಷ್ಟ್ ಚೆನ್ನಾಗ್ ಹತ್ತಿದೆ ನೋಡ್ ಬನ್ನಿ ಅಂತ ಜಂಬ ಕೊಚ್ಚಿಕೊಂಡೆ.

ಅವಳು ಅಳೆದಳು, ಮತ್ತೆ ಅಳೆದಳು. ಅಮ್ಮಾ, ಹತ್ತಬಾರ್ದಿತ್ತು ಅಂದಳು.

ಕೆಳಗಿನದು ಹಾಗೆ ಊದಿದರೆ ಒಳಗೆ ಕ್ಷಯ ಇದೆ ಎಂದೇ ಅರ್ಥವಂತೆ, ಅಂಥ ದನವನ್ನು ಉಳಿಸುವಂತಿಲ್ಲವಂತೆ. ನಿನ್ನೆ ಲಾರಿ ಬಂತು. ಹುಟ್ಟಿದಾಗಿನಿಂದ ಕರೆದ ಕಡೆ ಬಾರದವಳು ನಿನ್ನೆ ನಾನು ಕರೆದ ಕೂಡಲೇ ಹಲಗೆ ಹತ್ತಿಬಿಟ್ಟಳು ಕಣೇ. ನಿನ್ನಪ್ಪ ಕೊಟ್ಟಿಗೆ ತೊಳೆಯುವ ನೆಪದಲ್ಲಿ ಹೊರಗೇ ಬರಲಿಲ್ಲ. ನಾನು ಅತ್ತುಬಿಟ್ಟೆ. ಮೊಂಡಿ ಒಂದು ದಿನವೂ ಕೆಮ್ಮಿದವಳಲ್ಲ, ಮೇವು ಬಿಟ್ಟವಳಲ್ಲ. ಆ ರೋಗ ಎಲ್ಲಿಂದ ಬಂತು, ಎಷ್ಟು ದಿನದಿಂದ ಒಳಗೆ ಕೂತಿತ್ತು ಎಂದು ಈಗಲೂ ತಲೆ ಕೊರೆಯುತ್ತಿದೆ.

ಪ್ರೀತಿಯಿಂದ,
ನಿನ್ನ ಅಮ್ಮ

ತಾ.ಕ.: ಹಸಿಹಾಲು ಕುಡೀತೀರಾ ಅಂತಲೂ ವೈದ್ಯೆ ಕೇಳಿದ್ದಳು. ಕರೆದ ಬಿಸಿಯಲ್ಲೇ ನಾನು ಒಂದು ಲೋಟ ಏರಿಸುವುದು ನಿನಗೆ ಗೊತ್ತೇ ಇದೆ. ಮೊನ್ನೆ ಆಸ್ಪತ್ರೆಯಲ್ಲಿ ನನ್ನ ತೋಳಿಗೂ ಒಂದು ಸೂಜಿ ಬಿತ್ತು. ಈಗಷ್ಟೇ ಸವರಿ ನೋಡಿಕೊಂಡೆ. ಹತ್ತಿದೆ. ಹೆದರಬೇಡ, ನನಗೆ ಲಾರಿಯಲ್ಲ, ಮಾತ್ರೆಯಂತೆ. ಆದರೆ ಹೋದ ಸಲ ಬಂದಾಗ ನನ್ನ ಲೋಟದಲ್ಲಿ ಅರ್ಧ ನೀನೇ ಕುಡಿದಿದ್ದೆ. ಇದನ್ನು ಓದಿದ ಕೂಡಲೇ ಆಸ್ಪತ್ರೆಗೆ ಹೋಗಿ ನಿನ್ನ ತೋಳಿಗೂ ಆ ಸೂಜಿ ಹಾಕಿಸಿಕೋ, ಚಿನ್ನಾ.