ನಿಮ್ಮ ಮಗನ ಗುಲಾಬಿ ಕೋಟು

ವಿಯೆನ್ನಾ, ಶನಿವಾರ

ಅತ್ತೀ, ಶರಣು.

ನಮ್ಮೂರು ವಿಕ್ಸಮ್‌ದಾಗ ದಿನಾ ಮನಿ ಮುಂದಿನ ಡ್ರೈವ್‌ವೇ ಹಿಮ ಎತ್ತೋ ಗಂಡಸಿಗೆ ಇಲ್ಲಿ ಥಂಡಿ ಯಾವ ಲೆಕ್ಕ ಅಂತ, ಫೋಟೋ ಚಂದ ಬರಲಿ ಅಂತ, ನಿಮ್ಮ ಮಗ ದಪ್ಪ ಕೋಟು ಹೋಟೆಲಿನಾಗ ಬಿಟ್ಟು ಬಂದ್ರು. "ಹಾಕ್ಕೋರಿ" ಅಂದ್ರ, "ನೀ ಅಂಜುಬುರುಕಿ" ಅಂತ ಟೂರ್ ಬಸ್ಸಿನ ಮಂದಿ ಮುಂದ ನಕ್ಕರು.

ಅರಮನಿ ಹೊರಗ ಒಂದು ತಾಸು ಸಾಲಿನಾಗ ನಿಂತ್ವಿ. ಅವರ ತುಟಿ ನೀಲಿ ಆತು, ಮಾತು ನಿಂತು ಹೋತು. ನಾ ಬಾಜೂಕಿನ ಕ್ರಿಸ್ಮಸ್ ಸಂತಿಗೆ ಓಡಿದೆ. ಅವರ ಹೊಟ್ಟಿಗೆ ಹಿಡಸೋ ಕೋಟು ಒಂದ ಇತ್ತು. ಹೆಂಗಸರದು, ಗುಲಾಬಿ ಬಣ್ಣ, ಕೊರಳಿಗೆ ಬಿಳಿ ತುಪ್ಪಳ.

"ಇದನ್ನ ನಾ ಹಾಕ್ಕೋಳಂಗಿಲ್ಲ!"

"ಹಂಗಾರ ತಿರುಗಿ ಕೊಟ್ಟು ಬರ್ತೀನಿ," ಅಂದೆ.

ಗಡಬಡಿಸಿ ತೋಳು ತೂರಿಸಿದ್ರು. ನಾಚಿಕಿಗೆ ಟೋಪಿ ಮೂಗಿನ ತನಕ ಎಳಕೊಂಡ್ರು. ಬಾಗಲದಾಗಿನ ಕಾವಲುಗಾರ ಬಗ್ಗಿ, "ಬರ್ರಿ ಮೇಡಮ್" ಅಂತ ಮೊದಲ ಅವರನ್ನ ಒಳಗ ಬಿಟ್ಟ. ಅರಮನಿ ಹೆಂಗಿತ್ತೋ ನನಗ ಗೊತ್ತಿಲ್ಲ, ನಕ್ಕು ನಕ್ಕು ಕಣ್ಣು ಮಂಜಾಗಿದ್ದವು.

ಈಗ ಅವರಿಗೆ ನೆಗಡಿ ಐತಿ, ಜ್ವರ ಇಲ್ಲ. ನೀವು ಬಿ.ಪಿ. ಗುಳಿಗಿ ಮರೀಬ್ಯಾಡ್ರಿ.

ಈ ಕಾರ್ಡ್ ಮುಟ್ಟೂದ್ರಾಗ ನಾವು ಮನಿಗೆ ಬಂದಿರ್ತೀವಿ. "ಕೋಟು ನೀಲಗಂಗಾಗಂತ ತಂದೀನಿ" ಅಂತ ಅವರು ನಿಮಗ ಹೇಳಿರ್ತಾರ. ನನಗ ತೊಡಿಸಿ ನೋಡ್ರಿ, ಅದರಾಗ ನನ್ನಂಥವರು ಇಬ್ಬರು ಹಿಡೀತಾರ.

ಬಸ್ಸು ಬಂತು.

ನಿಮ್ಮ ಸೊಸಿ
ನೀಲಗಂಗಾ