ತುದಿಯ ಸುತ್ತು

ಪಾಂಗ್ಲಾವ್, ಬೊಹೋಲ್
18 ಅಕ್ಟೋಬರ್ 1996

ಮುದ್ದು ಹೋವಿತಾ,

ಲೋಲೋನ ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಕ್ಷಮಿಸು ಮಗಳೇ. ಸತ್ತೇ ಹುಟ್ಟಿದ ನಿನ್ನ ಕಂದನಿಗೆ ಹೆಸರಿಡಬಹುದೇ ಎಂದು ಕೇಳಿದ್ದೀಯ. ಅಜ್ಜನಾದವನು ಅದಕ್ಕೆ ಥಟ್ಟನೆ ಏನು ಬರೆದಾನು?

ಇಲ್ಲಿ ಸತ್ತವರ ಹಬ್ಬಕ್ಕೆ ಗೋರಿಗಳಿಗೆ ಸುಣ್ಣ ಬಳಿಯುತ್ತಿದ್ದಾರೆ. ಹೆಸರಿದ್ದವರಿಗೆ ಅವರವರ ಗೋರಿಯ ಮೇಲೆ ಮೇಣದಬತ್ತಿ. ಹೆಸರಿಲ್ಲದ ಕೂಸುಗಳಿಗೆಲ್ಲ ಸೇರಿ ದೊಡ್ಡ ಶಿಲುಬೆಯ ಬುಡದಲ್ಲಿ ಒಂದೇ ಬತ್ತಿ. ಅದು ನಿನಗೂ ಗೊತ್ತು, ಅದಕ್ಕೇ ಕೇಳಿದ್ದೀಯ.

ನಿನ್ನ ಲೋಲಾಳನ್ನು ಕೇಳಿದೆ. ಮೀನು ಹುರಿಯುತ್ತಿದ್ದ ಅಜ್ಜಿ ತಿರುಗಿಯೂ ನೋಡಲಿಲ್ಲ. "ಹೆಸರಿಟ್ರೆ ಮರೆಯೋಕಾಗಲ್ಲ. ಇನ್ನೊಂದು ಹುಟ್ಟತ್ತೆ, ಇದನ್ನ ಮರೆತುಬಿಡು ಅಂತ ಬರೀರಿ," ಅಂದಳು.

ಹಾಗೆ ಬರೆಯಲು ಕೈ ಏಳಲಿಲ್ಲ. ಮೊನ್ನೆ, ಮಾರುವ ಚಿಪ್ಪುಗಳಿಗಾಗಿ ಆಳದಲ್ಲಿ ಬಿಟ್ಟಿದ್ದ ಹಳೇ ಬಲೆಗಳನ್ನು ಎತ್ತಿದಾಗ ಕಡಲೆಕಾಳಿನಷ್ಟು ಶಂಖದ ಹುಳುವೊಂದು ಸಿಕ್ಕಿತು. ಬಿಸಿನೀರಿಗೆ ಅದ್ದಿ, ಸೂಜಿಯಿಂದ ಮೆಲ್ಲಗೆ ತಿರುಗಿಸಿ ಎಳೆದೆ. ಮೊದಲು ಪಾದ, ಅದರ ಬೆನ್ನಿಗಂಟಿದ ಕದದಂಥ ಬಿಲ್ಲೆ, ಉಸಿರಾಡುವ ಕೊಳವೆ, ಕೊನೆಗೆ ಸುರುಳಿ ಸುತ್ತಿದ ಕಂದು ಲಿವರ್.

ಬರೆದದ್ದನ್ನು ಬಾಯಲ್ಲೂ ಹೇಳಿಕೊಳ್ಳುವ ಚಾಳಿ ನನ್ನದು. ಅಡುಗೆಮನೆಯಿಂದ ಈಗ ಬೈಗುಳ ಬಂತು: "ಹುಡುಗಿ ಅಳ್ತಾ ಕೂತಿದಾಳೆ, ನೀವು ಅವಳಿಗೆ ಹುಳದ ಕರುಳು ಬಿಚ್ಚಿ ತೋರಿಸ್ತಿದೀರಾ!"

ಬೈಯಲಿ ಬಿಡು. ಏಡಿ ಬೆಳೆದ ಹಾಗೆಲ್ಲ ಹಳೇ ಚಿಪ್ಪನ್ನು ಕಳಚಿ ಹೋಗುತ್ತದೆ. ಶಂಖದ ಹುಳು ಹಾಗಲ್ಲ, ಬಾಯಂಚಿಗೆ ಹೊಸದನ್ನು ಕಟ್ಟಿಕೊಳ್ಳುತ್ತ ಹೋಗುತ್ತದೆ. ಮರಿಯಾಗಿದ್ದಾಗ ತೊಟ್ಟ ಚಿಪ್ಪು ಕೊನೆಯವರೆಗೂ ತುದಿಯಲ್ಲೇ ಉಳಿದಿರುತ್ತದೆ. ಸಾಸಿವೆಗಿಂತ ಸಣ್ಣದು, ಗಾಜಿನಂತೆ ನುಣುಪು. ಮುಂದಿನ ಸುತ್ತುಗಳೆಲ್ಲ ಅಲ್ಲಿಂದಲೇ ಹೊರಟವು. ಚಿಪ್ಪು ಕೊಳ್ಳುವವರು ಭೂತಗನ್ನಡಿ ಹಿಡಿದು ಮೊದಲು ನೋಡುವುದೂ ಅದನ್ನೇ. ತುದಿ ಮುರಿದಿದ್ದರೆ ಎಂಥ ಚೆಂದದ ಚಿಪ್ಪನ್ನೂ ಪಕ್ಕಕ್ಕೆ ಸರಿಸುತ್ತಾರೆ.

ನನಗೆ ಗೊತ್ತಿರುವುದು ಇಷ್ಟೇ. ಹೆಸರಿಡು ಮಗಳೇ. ಬರೆದು ದೋಣಿಯವರ ಕೈಲಿ ಕಳಿಸು. ನಮ್ಮೂರ ಮಣ್ಣಲ್ಲೇ ಮಲಗಿದೆಯಲ್ಲ ಕೂಸು, ಹಬ್ಬದ ದಿನ ನಾನೇ ಹೆಸರು ಹೇಳಿ ಬತ್ತಿ ಹಚ್ಚುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಮೈ ಮನಸ್ಸು ಎರಡನ್ನೂ ಕಾಯಲಿ.

ನಿನ್ನ ಲೋಲೋ,
ಕ್ರಿಸ್ಪುಲೊ

ಮತ್ತೆ: ಮಡಿಸುವ ಮೊದಲು ಕಾಗದವನ್ನು ಲೋಲಾಗೆ ಪೂರ್ತಿ ಓದಿ ಹೇಳಿದೆ. ಈ ಸಲ ಬೈಯಲಿಲ್ಲ. ಒಲೆ ಆರಿಸಿ ಬಂದು ಪಕ್ಕ ಕೂತಳು. ನಿನ್ನಮ್ಮನಿಗಿಂತ ಮೊದಲು ನಮಗೊಂದು ಗಂಡುಕೂಸು ಸತ್ತೇ ಹುಟ್ಟಿತ್ತು; ಅದನ್ನು ನಿಮಗೆ ಯಾರೂ ಹೇಳಿಲ್ಲ. "ಹಬ್ಬಕ್ಕೆ ಎರಡು ಬತ್ತಿ ತನ್ನಿ," ಅಂದಳು. "ಒಂದು ನಮ್ಮ ಸಿಪ್ರಿಯಾನೊಗೆ."

ಆ ಹೆಸರನ್ನು ನಾನು ಕೇಳಿದ್ದು ಇದೇ ಮೊದಲು.